ಕುಸುಬಿ ಚಿತ್ರದ ಮುಳ್ಳು: ಒಂದು ಗೋಡೆ ಟಿಪ್ಪಣಿ ಬದಲಾದ ಪ್ರಕರಣ

ಚಿತ್ರದ ಪಕ್ಕ ಗೋಡೆಗೆ ಹಾಕಲು ಮೊದಲು ಬರೆದಿದ್ದ ಟಿಪ್ಪಣಿ ಹೀಗಿತ್ತು: "ಈ ಚಿತ್ರದಲ್ಲಿ ಮುಳ್ಳು ರೈತನ ನೋವನ್ನೂ ಹೂವು ಅವನ ಭರವಸೆಯನ್ನೂ ಸೂಚಿಸುತ್ತದೆ." ಕಲಬುರಗಿಯಲ್ಲಿ ನಡೆದ ಒಂದು ಗುಂಪು ಪ್ರದರ್ಶನಕ್ಕೆ ಸಂಘಟಕರು ಬರೆಸಿದ್ದ ಸಾಲು ಅದು. ಚಿತ್ರ ಒಂದು ಕುಸುಬಿ ಗಿಡದ್ದು, ನಮ್ಮ ಕಡೆ ಎಣ್ಣೆಬೀಜಕ್ಕೆ ಬೆಳೆಯುವ ಮುಳ್ಳಿನ ಗಿಡ. ಕಲಾವಿದೆ ಅದನ್ನು ಓದಿ, "ಇದು ಯಾರದೋ ಬ್ಯಾರೆ ಚಿತ್ರದ ಬಗ್ಗೆ ಬರದಂಗ ಅದ ರೀ" ಅಂದರು. "ಹಂಗಾದ್ರ ನೀವೇ ಹೇಳ್ರಿ, ಅರ್ಥ ಏನು?" ಅಂತ ಸಂಘಟಕರು ಕೇಳಿದರು. ಆಕೆ ಹೇಳಲಿಲ್ಲ. ಹೇಳುವುದು ತನ್ನ ಕೆಲಸ ಅಲ್ಲ ಅನ್ನೋದು ಆಕೆಯ ನಿಲುವು, ಅದು ನ್ಯಾಯವೇ. ಹೊಸ ಟಿಪ್ಪಣಿ ಬರೆಯುವ ಕೆಲಸ ನನಗೆ ಬಂತು. ಪ್ರದರ್ಶನ ಇನ್ನೂ ಶುರುವಾಗಿರಲಿಲ್ಲ, ಚಿತ್ರ ಗೋಡೆಗೆ ಒರಗಿಕೊಂಡು ನೆಲದ ಮೇಲಿತ್ತು, ಹಾಗಾಗಿ ಹತ್ತಿರದಿಂದ, ಪಕ್ಕದಿಂದ, ಹಿಂದಿನಿಂದ ನೋಡುವ ಅವಕಾಶ ಸಿಕ್ಕಿತು. ಗೋಡೆಗೆ ಏರಿದ ಮೇಲೆ ಆ ಅವಕಾಶ ಇರುವುದಿಲ್ಲ.

ಆ ಒಂದು ಸಾಲು ಬದಲಾಗುವಾಗ ಏನೇನು ನಡೆಯಿತು ಅಂತ ಪೂರ್ತಿ ಬರೆಯುತ್ತಿದ್ದೇನೆ. ನಮ್ಮಲ್ಲಿ ಹೂವಿನ ಚಿತ್ರ ಕಂಡರೆ ಎಲ್ಲರಿಗೂ ಮೊದಲು ಬರುವ ಪ್ರಶ್ನೆ "ಇದು ಯಾವುದರ ಸಂಕೇತ?" ಅನ್ನೋದು. ಆ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು, "ಇದನ್ನು ಹೇಗೆ ಮಾಡಿದ್ದಾರೆ?" ಅಂತ ಕೇಳಿದರೆ ಎಷ್ಟು ಸಿಗುತ್ತದೆ ಅನ್ನೋದಕ್ಕೆ ಈ ಚಿತ್ರ ಒಳ್ಳೆಯ ಉದಾಹರಣೆ.

ಚಿತ್ರದಲ್ಲಿ ಏನಿದೆ

ನಾಲ್ಕು ಅಡಿ ಎತ್ತರ, ಮೂರು ಅಡಿ ಅಗಲದ ಕ್ಯಾನ್ವಾಸ್. ಎಣ್ಣೆ ಬಣ್ಣ. ಮಧ್ಯದಲ್ಲಿ, ಸ್ವಲ್ಪ ಮೇಲಕ್ಕೆ, ಎರಡು ಅಡಿಯಷ್ಟು ಅಗಲದ ಒಂದು ಕುಸುಬಿ ಹೂವು. ಹೊಲದಲ್ಲಿ ಇದೇ ಹೂವು ಅಬ್ಬಬ್ಬಾ ಅಂದರೆ ಒಂದೂವರೆ ಇಂಚು. ಆ ದೊಡ್ಡ ಹೂವು ಕಿತ್ತಳೆ ದಾಟಿ ಕೆಂಪಿಗೆ ತಿರುಗಿದೆ. ಅದರ ಕೆಳಗೆ ಎಡಕ್ಕೊಂದು ಅಚ್ಚ ಹಳದಿ ಹೂವು, ಬಲಕ್ಕೊಂದು ಇನ್ನೂ ಬಿಚ್ಚದ ಮೊಗ್ಗು. ಹಸಿರು ಇಲ್ಲವೇ ಇಲ್ಲ. ಕಾಂಡ, ಎಲೆ, ಹೂವಿನ ಬುಡದ ಪಕಳೆಯಂಥ ಮುಳ್ಳೆಲೆಗಳು, ಎಲ್ಲವೂ ಒಣಗಿದ ಕಂದು. ಹಿನ್ನೆಲೆ ಕಪ್ಪು. ಆ ಕಪ್ಪಿನಲ್ಲಿ ತುಂಬಾ ಸಣ್ಣ ಹಳದಿ ಗೀರುಗಳು. ಅವೇ ಮುಳ್ಳುಗಳು.

ಸಂಘಟಕರ ಟಿಪ್ಪಣಿ ಯಾಕೆ ಹಾಗೆ ಬಂತು ಅನ್ನೋದು ಅರ್ಥವಾಗುತ್ತದೆ. ಕಲಬುರಗಿ ಎಸ್. ಎಂ. ಪಂಡಿತರ ಊರು. 1916ರಲ್ಲಿ ಇಲ್ಲಿ ಹುಟ್ಟಿ, ಮುಂಬೈಯಲ್ಲಿ ಸಿನಿಮಾ ಪೋಸ್ಟರ್, ಕ್ಯಾಲೆಂಡರ್, ಪುರಾಣದ ಚಿತ್ರಗಳಿಂದ ದೇಶಕ್ಕೆಲ್ಲ ಗೊತ್ತಾದವರು. ಅವರ ಕಾಲದ ಕ್ಯಾಲೆಂಡರ್ ಚಿತ್ರಗಳು ನಮ್ಮ ಮನೆಗಳ ಗೋಡೆಯಲ್ಲಿ ತಲೆಮಾರುಗಟ್ಟಲೆ ಇದ್ದವು. ಅಲ್ಲಿ ಕಮಲ ಬಂದರೆ ಲಕ್ಷ್ಮಿ, ಬಿಳಿ ಕಮಲ ಬಂದರೆ ಸರಸ್ವತಿ. ಹೂವಿಗೆ ಮೊದಲೇ ಒಂದು ಅರ್ಥ ಗೊತ್ತು ಮಾಡಿರುತ್ತಾರೆ, ನೋಡುವವರಿಗೂ ಅದು ಗೊತ್ತಿರುತ್ತದೆ. ಇನ್ನೊಂದು ಕಡೆ, ಬೀದರ್‌ಗೆ ಹೋದರೆ ಬೇರೆಯೇ ರೀತಿಯ ಹೂವು ಸಿಗುತ್ತದೆ. ಕೋಟೆಯ ರಂಗೀನ್ ಮಹಲಿನಲ್ಲಿ ಕಪ್ಪು ಕಲ್ಲಿನೊಳಗೆ ಕೂರಿಸಿದ ಮುತ್ತಿನ ಚಿಪ್ಪಿನ ಬಳ್ಳಿ, ಅಷ್ಟೂರಿನ ಅಹ್ಮದ್ ಶಾ ವಲಿ ಗೋರಿಯ ಒಳಗೆ ಗುಮ್ಮಟದ ತುಂಬಾ ಬಣ್ಣದ ಹೂಬಳ್ಳಿ, 1472ರ ಮಹಮೂದ್ ಗವಾನ್ ಮದರಸಾದ ಗೋಡೆಯಲ್ಲಿ ಉಳಿದಿರುವ ಬಣ್ಣದ ಹಂಚು. ಅಲ್ಲಿನ ಹೂವನ್ನು ಯಾರೂ "ಇದು ಯಾವುದರ ಸಂಕೇತ" ಅಂತ ಕೇಳುವುದಿಲ್ಲ. ಅದು ಜಾಗವನ್ನು ತುಂಬುತ್ತದೆ, ಕಣ್ಣನ್ನು ಓಡಾಡಿಸುತ್ತದೆ. ಒಂದು ಹೂವು ಅಂತ ಇರುವುದಿಲ್ಲ, ಸಾಲು ಇರುತ್ತದೆ.

ನಮ್ಮ ಈ ಚಿತ್ರ ಎರಡೂ ಅಲ್ಲ. ಇಲ್ಲಿ ದೇವಿಯ ಕೈಯಲ್ಲಿಲ್ಲದ, ಬಳ್ಳಿಯಲ್ಲೂ ಸೇರದ, ಒಂದೇ ಒಂದು ಬೆಳೆಯ ಹೂವು. ಕುಸುಬಿಗೆ ಪುರಾಣದ ಬೆಂಬಲ ಇಲ್ಲ. ಹಾಗಾಗಿ ಸಂಘಟಕರು ತಾವೇ ಒಂದು ಅರ್ಥ ತಂದು ಹಚ್ಚಿದರು.

ಕೆಂಪು ಎಲ್ಲಿಂದ ಬಂತು

ನಾನು ಮೊದಲು ನೋಡಿದ್ದು ದೊಡ್ಡ ಹೂವಿನ ಕೆಂಪನ್ನು. ಮೊಬೈಲ್ ಟಾರ್ಚ್ ಹಚ್ಚಿ ಕ್ಯಾನ್ವಾಸಿನ ಪಕ್ಕದಿಂದ ಬೆಳಕು ಬಿಟ್ಟರೆ ಬಣ್ಣದ ಏರು ತಗ್ಗು ಕಾಣುತ್ತದೆ. ಯಾವುದು ದಪ್ಪ, ಯಾವುದು ತೆಳು, ಯಾವುದು ಮೊದಲು, ಯಾವುದು ಆಮೇಲೆ ಅಂತ ಗೊತ್ತಾಗುತ್ತದೆ. ಈ ಹೂವಿನ ಎಸಳುಗಳನ್ನು ಮೊದಲು ದಪ್ಪ ಹಳದಿಯಲ್ಲಿ ಎಳೆದಿದ್ದಾರೆ. ಅದು ಪೂರ್ತಿ ಒಣಗಿದ ಮೇಲೆ ಎಣ್ಣೆ ಬೆರೆಸಿದ ತೆಳು ಕೆಂಪನ್ನು ಮೇಲಿಂದ ಹರಿಸಿದ್ದಾರೆ. ಇದನ್ನೇ ಗ್ಲೇಜಿಂಗ್ ಅಂತಾರೆ. ಕೆಂಪು ತಗ್ಗಿನಲ್ಲಿ ನಿಂತಿದೆ, ಏರಿನ ಮೇಲೆ ಜಾರಿ ಹೋಗಿ ಕೆಳಗಿನ ಹಳದಿ ಇಣುಕುತ್ತಿದೆ. ಪ್ಯಾಲೆಟ್ ಮೇಲೆ ಹಳದಿ ಕೆಂಪು ಕಲಸಿ ಕಿತ್ತಳೆ ಮಾಡಿ ಹಚ್ಚಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು. ದೂರದಿಂದ ಹೆಚ್ಚುಕಡಿಮೆ ಹಾಗೇ ಕಾಣುತ್ತಿತ್ತು. ಆದರೆ ಆಕೆ ಹಾಗೆ ಮಾಡಲಿಲ್ಲ, ಹಳದಿ ಒಣಗುವವರೆಗೆ ಕಾದರು.

ಈಗ ಗಿಡದ ಕಡೆ ಬನ್ನಿ. ಕುಸುಬಿ ಹಳದಿಯಾಗಿ ಅರಳುತ್ತದೆ. ಬಾಡುತ್ತ ಬಾಡುತ್ತ ಕೆಂಪಾಗುತ್ತದೆ. ಆ ಕೆಂಪು ಹೊರಗಿನಿಂದ ಬರುವುದಲ್ಲ, ಎಸಳಿನೊಳಗೇ ಇದ್ದ ವಸ್ತು ಗಾಳಿಗೆ ಬದಲಾಗಿ ಕಾರ್ಥಮಿನ್ ಅನ್ನೋ ಕೆಂಪು ಆಗುತ್ತದೆ. ಹಿಂದೆ ಬಟ್ಟೆಗೆ ಬಣ್ಣ ಹಾಕುವವರು ಈ ಕೆಂಪನ್ನು ತೆಗೆಯುತ್ತಿದ್ದ ರೀತಿಯೂ ಅದನ್ನೇ ಹೇಳುತ್ತದೆ: ಎಸಳನ್ನು ನೀರಿನಲ್ಲಿ ಮತ್ತೆ ಮತ್ತೆ ತೊಳೆದರೆ ಹಳದಿ ಕರಗಿ ಹೋಗುತ್ತದೆ, ಕೆಂಪು ನೀರಿಗೆ ಕರಗದೆ ಉಳಿಯುತ್ತದೆ, ಆಮೇಲೆ ಕ್ಷಾರದಲ್ಲಿ ಅದನ್ನು ಬಿಡಿಸಿ ಹುಳಿ ಹಾಕಿದರೆ ಬಟ್ಟೆಯ ಮೇಲೆ ಕೂರುತ್ತದೆ. ಅಂದರೆ ಹಳದಿಯ ಒಳಗೇ ಕೆಂಪು ಇರುತ್ತದೆ.

ಚಿತ್ರದಲ್ಲೂ ಅದೇ ಕ್ರಮ. ಹಳದಿ ಮೊದಲು, ಕೆಂಪು ಆಮೇಲೆ, ಹಳದಿ ಕಣ್ಮರೆಯಾಗದೆ ಕೆಳಗಿದೆ. ಇದು ನನಗೆ ಸಿಕ್ಕ ಮೊದಲ ಗಟ್ಟಿ ಹಿಡಿ. ಯಾಕೆ ಗಟ್ಟಿ ಅಂದರೆ, ಇದನ್ನು ಬೆರಳಿಟ್ಟು ತೋರಿಸಬಹುದು. "ಭರವಸೆ" ಎಲ್ಲಿದೆ ಅಂತ ಕೇಳಿದರೆ ಚಿತ್ರದ ಯಾವ ಜಾಗವನ್ನೂ ತೋರಿಸಲು ಬರುವುದಿಲ್ಲ. ವಯಸ್ಸಾಗುವುದನ್ನು ಪದರದಿಂದ ಕಟ್ಟಿದ್ದಾರೆ ಅಂದರೆ, ಇಗೋ ಈ ಎಸಳಿನ ತುದಿ ನೋಡಿ ಅನ್ನಬಹುದು.

ಹಾಗಾದರೆ ಮೊಗ್ಗು, ಹಳದಿ ಹೂವು, ಕೆಂಪು ಹೂವು ಮೂರೂ ಸೇರಿ ಬಾಲ್ಯ, ಯೌವನ, ಮುಪ್ಪು ಅನ್ನೋಣವೇ? ಸಂಘಟಕರ ಗೆಳೆಯರೊಬ್ಬರು ಹಾಗೇ ಅಂದರು, ಹದಿನೇಳನೇ ಶತಮಾನದ ಡಚ್ ಚಿತ್ರಗಳ ನೆನಪು ಮಾಡಿದರು. ಆ ಹೋಲಿಕೆಯಲ್ಲಿ ಒಂದು ತೊಂದರೆ ಇದೆ. ಡಚ್ ಕಲಾವಿದರು ಒಂದೇ ಹೂದಾನಿಯಲ್ಲಿ ವಸಂತದ ಟುಲಿಪ್ ಹೂವನ್ನೂ ಬೇಸಿಗೆಯ ಗುಲಾಬಿಯನ್ನೂ ಇಡುತ್ತಿದ್ದರು, ಬೇರೆ ಬೇರೆ ಕಾಲದಲ್ಲಿ ಮಾಡಿಟ್ಟ ಅಭ್ಯಾಸ ಚಿತ್ರಗಳನ್ನು ನೋಡಿ ಜೋಡಿಸುತ್ತಿದ್ದರು. ಆ ಹೂಗುಚ್ಛ ಯಾವ ತೋಟದಲ್ಲೂ ಒಂದೇ ದಿನ ಸಿಗುವುದಿಲ್ಲ. ಕುಸುಬಿಯಲ್ಲಿ ಹಾಗಲ್ಲ. ಮುಖ್ಯ ಕಾಂಡದ ತುದಿಯ ಹೂವು ಮೊದಲು ಅರಳುತ್ತದೆ, ಪಕ್ಕದ ಕವಲುಗಳವು ಆಮೇಲೆ. ಜನವರಿಯಲ್ಲಿ ಎರಿ ಹೊಲದ, ಅಂದರೆ ಕಪ್ಪು ಮಣ್ಣಿನ ಹೊಲದ, ಬದುವಿಗೆ ಹೋಗಿ ನಿಂತರೆ ಒಂದೇ ಗಿಡದಲ್ಲಿ ಮೇಲೆ ಕೆಂಪು, ಕೆಳಗೆ ಹಳದಿ, ಇನ್ನೂ ಕೆಳಗೆ ಮೊಗ್ಗು ಕಾಣುತ್ತದೆ. ಆಕೆ ಗಿಡದಲ್ಲಿ ಇದ್ದದ್ದನ್ನೇ ಬಿಡಿಸಿದ್ದಾರೆ. ಇದನ್ನು ದೊಡ್ಡ ಸಂಕೇತ ಮಾಡಿದರೆ, ಗಿಡವನ್ನು ನೋಡಿಯೇ ಇಲ್ಲದವರು ಬರೆದ ಟಿಪ್ಪಣಿ ಆಗುತ್ತದೆ.

ಇಲ್ಲಿ ನನಗೆ ಒಂದು ದಾರಿ ಕಂಡಿತು. ಗಿಡದಲ್ಲಿ ಹೇಗಿದೆಯೋ ಹಾಗೇ ಬಿಡಿಸಿದ ಕಡೆ ಕಲಾವಿದರು ನೋಡಿದ್ದಾರೆ, ನಂಬಿದ್ದಾರೆ. ಗಿಡವನ್ನು ಬಿಟ್ಟು ಬೇರೆ ಮಾಡಿದ ಕಡೆ ನಿರ್ಧಾರ ಮಾಡಿದ್ದಾರೆ. ಅರ್ಥ ಹುಡುಕುವವರು ಆ ಎರಡನೇ ಜಾಗಗಳಿಗೆ ಹೋಗಬೇಕು.

ಹಸಿರು ಇಲ್ಲದ ಗಿಡ

ಹೂವು ಹಳದಿ ಇರುವಾಗ ಎಲೆ ಹಸಿರಾಗಿಯೇ ಇರುತ್ತದೆ. ಎಲೆ, ಕಾಂಡ ಒಣಗಿ ಕಂದಾಗುವುದು ಕೊಯ್ಲಿನ ಹೊತ್ತಿಗೆ, ಫೆಬ್ರವರಿ ಮಾರ್ಚ್‌ನಲ್ಲಿ. ಆಗ ಹಳದಿ ಎಸಳು ಇರುವುದಿಲ್ಲ. ಅಂದರೆ ಈ ಚಿತ್ರದಲ್ಲಿ ಹೂವು ಜನವರಿಯದು, ಗಿಡ ಮಾರ್ಚಿನದು. ಇದು ಯಾವ ಹೊಲದಲ್ಲೂ ಸಿಗದ ಗಿಡ. ಡಚ್ಚರ ಹೋಲಿಕೆ ಕೂರುವುದಾದರೆ ಇಲ್ಲಿ ಕೂರುತ್ತದೆ, ಮೊಗ್ಗು ಹೂವುಗಳಲ್ಲಿ ಅಲ್ಲ.

ಕ್ಯಾನ್ವಾಸಿನ ಅಂಚನ್ನು ಮರದ ಚೌಕಟ್ಟಿಗೆ ಮಡಿಚಿ ಮೊಳೆ ಹೊಡೆದ ಜಾಗ ಇರುತ್ತದಲ್ಲ, ಯಾವ ಚಿತ್ರವಾದರೂ ಸರಿ, ಅದನ್ನು ನೋಡದೆ ಬಿಡಬೇಡಿ. ಮುಂದೆ ಮುಚ್ಚಿಹೋದ ಪದರಗಳು ಅಲ್ಲಿ ಉಳಿದಿರುತ್ತವೆ. ಈ ಚಿತ್ರದ ಎಡ ಅಂಚಿನಲ್ಲಿ ಎರಡು ಕಡೆ ಹಸಿರು ಇತ್ತು. ಒಳ್ಳೆಯ, ತುಂಬು ಹಸಿರು. ಕೇಳಿದೆ. ಆಕೆ ನಕ್ಕು, "ಹಚ್ಚಿದ್ದೆ ರೀ. ಹಸರು ಹಚ್ಚಿದ ಕೂಡ್ಲೇ ಬೀಜದ ಪಾಕೀಟಿನ ಮ್ಯಾಲಿನ ಚಿತ್ರ ಆಯ್ತು. ಕೆರದು ತೆಗದೆ" ಅಂದರು.

ಬೀಜದ ಪಾಕೀಟು! ಎಷ್ಟು ಸರಿಯಾದ ಮಾತು. ಹಸಿರು ಇದ್ದರೆ ಅದು "ಒಳ್ಳೆ ಬೆಳೆ" ಅನ್ನೋ ಜಾಹೀರಾತು. ಹಸಿರು ತೆಗೆದಾಗ ಹೂವು ಮತ್ತು ಕೊಯ್ಲು ಒಂದೇ ಗಿಡದಲ್ಲಿ ಬಂದವು. ಆಕೆ ಅದನ್ನು ಯೋಚಿಸಿ ಮಾಡಿದರೋ, ಸುಮ್ನೆ ಕಣ್ಣಿಗೆ ಸರಿ ಕಾಣಲಿಲ್ಲ ಅಂತ ಮಾಡಿದರೋ, ನನಗೆ ಅದು ಅಷ್ಟು ಮುಖ್ಯ ಅನ್ನಿಸಲಿಲ್ಲ. ಕೆರೆದು ತೆಗೆದದ್ದು ನಿಜ, ಹಾಗೇ ಬಿಟ್ಟದ್ದು ನಿಜ.

ಆಕಾಶದ ಜಾಗದಲ್ಲಿ ಮಣ್ಣು

ಪ್ರದರ್ಶನಕ್ಕೆ ಚಿತ್ರ ಕೊಟ್ಟಿದ್ದ ಇನ್ನೊಬ್ಬ ಹುಡುಗನ ತಂದೆ ಚಿತ್ತಾಪುರ ಕಡೆಯ ರೈತರು. ಮಗನ ಜೊತೆ ಬಂದಿದ್ದರು. ಎಲ್ಲರೂ ಅವರನ್ನು ಕಾಕಾ ಅಂತಿದ್ದರು. ಈ ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಕಲಾವಿದೆಗೆ ಕೇಳಿದರು: "ತಂಗಿ, ಇದು ಕೆಳಗ ಕುಂತು ನೋಡಿದ್ದಲ್ಲ? ಹಂಗಾದ್ರ ಮ್ಯಾಲ ಆಕಾಶ ಇರ್ಬೇಕು. ಮ್ಯಾಲೂ ಎರಿ ಮಣ್ಣೇ ಅದಲ್ಲ!"

ನಾನು ಅದನ್ನು ಗಮನಿಸಿದ್ದೆ, ಆದರೆ ಇಷ್ಟು ಚೆನ್ನಾಗಿ ಹೇಳಲು ನನಗೆ ಬರುತ್ತಿರಲಿಲ್ಲ. ಹೂವಿನ ಬುಡದ ಮುಳ್ಳೆಲೆಗಳು ಪೂರ್ತಿ ಕಾಣುತ್ತವೆ, ಹೂವಿನ ಮೇಲ್ಭಾಗ ಕಾಣುವುದಿಲ್ಲ. ಅಂದರೆ ನೋಡುವವರ ಕಣ್ಣು ಹೂವಿಗಿಂತ ಕೆಳಗಿದೆ. ಕುಸುಬಿ ಮೊಣಕಾಲಿನಿಂದ ಸೊಂಟದವರೆಗೆ ಬೆಳೆಯುವ ಗಿಡ. ಅದನ್ನು ಕೆಳಗಿನಿಂದ ನೋಡಬೇಕಾದರೆ ನೆಲದ ಮೇಲೆ ಕೂತಿರಬೇಕು.

ಕಲಾವಿದೆ ಕೊಟ್ಟ ಉತ್ತರ ತೀರಾ ಸರಳ. ಫೋನನ್ನು ಗಿಡದ ಬುಡದಲ್ಲಿಟ್ಟು ಫೋಟೊ ತೆಗೆದರಂತೆ, ಯಾಕಂದರೆ ಮೇಲಿನಿಂದ ತೆಗೆದರೆ ಹಿಂದೆ ಬೇರೆ ಗಿಡಗಳೆಲ್ಲ ಬಂದು ಗಿಜಿಗಿಜಿ ಆಗುತ್ತಿತ್ತು. ಕೆಳಗಿನಿಂದ ತೆಗೆದಾಗ ಹಿಂದೆ ಬರೀ ಆಕಾಶ. ಆದರೆ ಆಕಾಶ ಬೆಳ್ಳಗಿತ್ತು, ಹಳದಿ ಅದರ ಮುಂದೆ ಎದ್ದು ಕಾಣಲಿಲ್ಲ. ಅದಕ್ಕೆ ಹಿನ್ನೆಲೆ ಕಪ್ಪು ಮಾಡಿದರು.

ಇದನ್ನು ಕೇಳಿದ ಸಂಘಟಕರಿಗೆ ನಿರಾಸೆ. "ಹಂಗಾದ್ರ ಅರ್ಥ ಏನೂ ಇಲ್ಲ ಅಂದಂಗ ಆಯ್ತಲ್ರೀ" ಅಂದರು. ಇಲ್ಲಿ ನಾನು ಒಪ್ಪುವುದಿಲ್ಲ. ಇದು ಈ ಪ್ರಕರಣದ ಮುಖ್ಯ ಜಗಳ, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ. ಹಳದಿ ಎದ್ದು ಕಾಣಬೇಕು ಅನ್ನೋದು ತಾಂತ್ರಿಕ ಸಮಸ್ಯೆ. ಅದಕ್ಕೆ ಹತ್ತು ಪರಿಹಾರ ಇದ್ದವು. ಗಾಢ ನೀಲಿ ಹಚ್ಚಬಹುದಿತ್ತು, ಹಳದಿಯ ಪಕ್ಕ ನೀಲಿ, ನೇರಳೆ ಚೆನ್ನಾಗಿಯೇ ನಿಲ್ಲುತ್ತವೆ. ಬೂದು ಮಾಡಬಹುದಿತ್ತು. ಟ್ಯೂಬಿನ ಕಪ್ಪನ್ನು ಹಾಗೇ ಹಚ್ಚಬಹುದಿತ್ತು. ಆಕೆ ಬರ್ನ್ಟ್ ಅಂಬರ್ ಅನ್ನೋ ಗಾಢ ಕಂದು ಮತ್ತು ಅಲ್ಟ್ರಾಮರೀನ್ ನೀಲಿ ಕಲಸಿ ಒಂದು ಕಪ್ಪು ಮಾಡಿದರು. ಈ ಎರಡು ಸೇರಿದಾಗ ಬರುವ ಕಪ್ಪು ಸತ್ತ ಕಪ್ಪಲ್ಲ. ಬೆಳಕು ಬಿದ್ದ ಕಡೆ ಕಂದು, ನೆರಳಿನ ಕಡೆ ನೀಲಿ. ಮಳೆ ನಿಂತು ಕೆಲವು ದಿನದ ಮೇಲೆ ನಮ್ಮ ಎರಿ ಹೊಲ ನೋಡಿದವರಿಗೆ ಆ ಬಣ್ಣ ಗೊತ್ತು. ಸಮಸ್ಯೆ ತಾಂತ್ರಿಕವೇ ಇರಲಿ, ಪರಿಹಾರ ಆರಿಸಿದ ಕೈ ಈ ಮಣ್ಣಿನಲ್ಲಿ ಓಡಾಡಿದ ಕೈ. ಆಕೆ ಬಾಯಲ್ಲಿ ಹೇಳದಿದ್ದರೂ ಬಣ್ಣ ಹೇಳುತ್ತದೆ, ಅದನ್ನು ಕಾಕಾ ಒಂದೇ ನೋಟದಲ್ಲಿ ಓದಿದರು.

ಇದಕ್ಕೆ ಇನ್ನೊಂದು ಬದಿಯೂ ಇದೆ. ಕಲಾವಿದರು ಹೇಳಿದ್ದೇ ಕೊನೆ ಮಾತಲ್ಲ ಅಂದಾಕ್ಷಣ ನೋಡುವವರು ಏನು ಬೇಕಾದರೂ ಹೇಳಬಹುದು ಅಂತಲ್ಲ. ಅಮೆರಿಕದ ಜಾರ್ಜಿಯಾ ಓಕೀಫ್ 1920ರ ದಶಕದಿಂದ ಹೂವುಗಳನ್ನು ಹೀಗೇ ಕ್ಯಾನ್ವಾಸ್ ತುಂಬಾ ದೊಡ್ಡದಾಗಿ ಬಿಡಿಸಿದರು. ವಿಮರ್ಶಕರು ಅವುಗಳಲ್ಲಿ ಹೆಣ್ಣಿನ ದೇಹವನ್ನು ಕಂಡರು. ಓಕೀಫ್ ಅದನ್ನು ಕೊನೆವರೆಗೂ ಒಪ್ಪಲಿಲ್ಲ. ಗಡಿಬಿಡಿಯ ಊರಿನ ಜನ ಒಂದು ಕ್ಷಣ ನಿಂತು ಹೂವು ನೋಡಲಿ ಅಂತ ದೊಡ್ಡದು ಮಾಡಿದೆ, ನೀವು ನಿಮ್ಮ ತಲೆಯೊಳಗಿದ್ದದ್ದನ್ನು ನನ್ನ ಹೂವಿಗೆ ನೇತು ಹಾಕಿದಿರಿ ಅನ್ನೋ ಅರ್ಥದಲ್ಲಿ ಉತ್ತರ ಕೊಟ್ಟರು. ಅಂದಹಾಗೆ, 2014ರಲ್ಲಿ 4 ಕೋಟಿ 44 ಲಕ್ಷ ಡಾಲರಿಗೆ ಹರಾಜಾದ ಅವರ 1932ರ ಬಿಳಿ ಹೂವಿನ ಚಿತ್ರ ನಮ್ಮ ಹಾಳು ಜಾಗಗಳಲ್ಲಿ ಬೆಳೆಯುವ ದತ್ತೂರಿಯ ಜಾತಿಯದೇ. ನಮ್ಮ ಕುಸುಬಿಯ ಟಿಪ್ಪಣಿಗೂ ಓಕೀಫ್‌ಗೆ ಆದದ್ದೇ ಆಗಿತ್ತು. ಅಲ್ಲಿ ದೇಹ, ಇಲ್ಲಿ ರೈತನ ನೋವು. ಎರಡೂ ಹೊರಗಿನಿಂದ ತಂದು ನೇತು ಹಾಕಿದ್ದು.

ನನಗೂ ಒಂದು ಚೆಂದದ ಹೋಲಿಕೆ ಹೊಳೆದಿತ್ತು. ಕಪ್ಪಿನ ಮೇಲೆ ಹೊಳೆಯುವ ಹೂವು, ಬೀದರ್‌ನ ಬಿದ್ರಿ ಕುಸುರಿ! ಟಿಪ್ಪಣಿಯಲ್ಲಿ ಹಾಕಿದರೆ ಎಲ್ಲರಿಗೂ ಖುಷಿಯಾಗುತ್ತದೆ, ಊರಿನ ಹೆಮ್ಮೆಯೂ ಬರುತ್ತದೆ. ಆದರೆ ಕೆಲಸದ ಕ್ರಮ ಇಟ್ಟು ನೋಡಿದೆ. ಬಿದ್ರಿಯಲ್ಲಿ ಸತು ಜಾಸ್ತಿ, ತಾಮ್ರ ಕಡಿಮೆ ಇರುವ ಲೋಹವನ್ನು ಎರಕ ಹೊಯ್ದು, ಗೆರೆ ಕೊರೆದು, ಆ ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಹಾಕಿದ ಬಿಸಿ ನೀರಿನಿಂದ ಕಪ್ಪು ಮಾಡುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಅಲ್ಲಿ ಕೊರೆದ ಜಾಗವನ್ನು ತುಂಬುತ್ತಾರೆ. ಈ ಚಿತ್ರದಲ್ಲಿ ಮುಳ್ಳಿನ ಗೀರುಗಳನ್ನು ಕೊರೆದು ಹಾಗೇ ಖಾಲಿ ಬಿಟ್ಟಿದ್ದಾರೆ. ಕಣ್ಣಿಗೆ ಹತ್ತಿರ ಅನ್ನಿಸಿದ್ದು ಕೆಲಸದಲ್ಲಿ ತಿರುಗಾಮುರುಗಾ ಆಗಿತ್ತು. ಬಿದ್ರಿಯನ್ನು ಬಿಟ್ಟೆ.

ಮುಳ್ಳೋ ಗೀರೋ

ಖಾಲಿ ಬಿಟ್ಟ ಆ ಗೀರುಗಳೇ ಚಿತ್ರದ ಜೀವ ಅಂತ ಈಗ ನನಗನ್ನಿಸುತ್ತದೆ. ಮುಳ್ಳುಗಳನ್ನು ಬ್ರಶ್‌ನಿಂದ ಬಿಡಿಸಿಲ್ಲ. ಕ್ಯಾನ್ವಾಸಿನ ಮೇಲೆ ಮೊದಲು ಪೂರ್ತಿ ಒಂದು ತೆಳು ಹಳದಿ ಪದರ ಇದೆ, ಅದು ಒಣಗಿದೆ. ಅದರ ಮೇಲೆ ಆ ಕಪ್ಪು. ಕಪ್ಪು ಇನ್ನೂ ಹಸಿ ಇರುವಾಗ ಬ್ರಶ್ಶನ್ನು ತಿರುಗಿಸಿ, ಹಿಂದಿನ ಮೊನೆಯಿಂದ ಗೀರಿದ್ದಾರೆ. ಗೀರಿದ ಕಡೆ ಕಪ್ಪು ಸರಿದು ಕೆಳಗಿನ ಹಳದಿ ಕಂಡಿದೆ. ಸರಿದ ಬಣ್ಣ ಗೀರಿನ ಎರಡೂ ಬದಿಗೆ ಸಣ್ಣ ಅಂಚಾಗಿ ನಿಂತಿದೆ, ಟಾರ್ಚ್ ಬೆಳಕಿನಲ್ಲಿ ಅದು ಸ್ಪಷ್ಟ. ಹಾಗಾಗಿ ಮುಳ್ಳಿನ ಹಳದಿ ಮತ್ತು ಹೂವಿನ ಹಳದಿ ಒಂದೇ ಕುಲ. "ಮುಳ್ಳು ನೋವು, ಹೂವು ಭರವಸೆ" ಅಂತ ಎರಡನ್ನು ಎದುರುಬದುರು ನಿಲ್ಲಿಸಿದ ಟಿಪ್ಪಣಿ ಇಲ್ಲಿಯೇ ಬಿದ್ದುಹೋಗುತ್ತದೆ. ಬಣ್ಣದಲ್ಲಿ ಅವು ಎದುರಾಳಿಗಳಲ್ಲ.

ಕಾಕಾ ಇನ್ನೂ ಮುಂದೆ ಹೋದರು. ಕುಸುಬಿಯ ಮುಳ್ಳು ಎಲೆಯ ಅಂಚಿನಲ್ಲಿ, ಹೂವಿನ ಬುಡದಲ್ಲಿ ಇರುತ್ತದೆ. ಈ ಚಿತ್ರದಲ್ಲಿ ಗೀರುಗಳು ಗಿಡವನ್ನು ಬಿಟ್ಟು ಹೊರಗೆ, ಕಪ್ಪಿನೊಳಗೆಲ್ಲ ಹೋಗಿವೆ. ಅವರು ಹೇಳಿದ್ದು: "ಇವು ಮುಳ್ಳಲ್ಲ ಬಿಡ್ರಿ. ಮುಳ್ಳು ಗೀರಿದ ಗೀರು." ಹೇಳಿ ತಮ್ಮ ಮುಂಗೈ ಮುಂದೆ ಚಾಚಿದರು.

ಕುಸುಬಿ ಕೀಳುವವರು ಕೈಗೆ ಬಟ್ಟೆ ಸುತ್ತಿಕೊಳ್ಳುತ್ತಾರೆ. ನಸುಕಿನಲ್ಲೇ ಹೋಗುತ್ತಾರೆ, ಇಬ್ಬನಿಗೆ ಮುಳ್ಳು ಸ್ವಲ್ಪ ಮೆತ್ತಗಿರುತ್ತದೆ ಅಂತ. ಬಿಸಿಲೇರಿದ ಮೇಲೆ ಕೈ ಹಾಕಲಾಗುವುದಿಲ್ಲ. ಬ್ರಶ್ಶಿನ ಮೊನೆ ಹಸಿ ಬಣ್ಣಕ್ಕೆ ಏನು ಮಾಡಿತೋ ಮುಳ್ಳು ಚರ್ಮಕ್ಕೆ ಅದನ್ನೇ ಮಾಡುತ್ತದೆ. ಇಲ್ಲಿ ತಂತ್ರ ಮತ್ತು ಅರ್ಥವನ್ನು ಬೇರೆ ಮಾಡಲು ನನಗೆ ಸಾಧ್ಯವಾಗಲಿಲ್ಲ, ಎರಡೂ ಒಂದೇ ಗೀರಿನಲ್ಲಿವೆ.

ಹಾಗಾದರೆ ಕೊನೆಗೂ ರೈತನ ನೋವೇ ಆಯಿತಲ್ಲ ಅಂತ ಸಂಘಟಕರು ಮುಖ ಅರಳಿಸಿದರು. ಕಾಕಾ ಅದಕ್ಕೂ ಒಪ್ಪಲಿಲ್ಲ. "ಮುಳ್ಳಿದ್ರೇನೇ ಚೊಲೋ ರೀ. ಜ್ವಾಳದ ಸುತ್ತ ನಾಕು ಸಾಲು ಕುಸುಬಿ ಹಾಕಿದ್ರ ದನ ಒಳಗ ಬರಂಗಿಲ್ಲ." ಹಿಂದಿನಿಂದಲೂ ಹಿಂಗಾರಿ ಜೋಳದ, ಗೋಧಿಯ ಹೊಲಕ್ಕೆ ಕುಸುಬಿ ಅಂಚಿನ ಬೆಳೆ, ಬೇಲಿಯ ಕೆಲಸ ಮಾಡುತ್ತದೆ. ಜೊತೆಗೆ ಎಳೆ ಎಲೆ ಪಲ್ಯಕ್ಕೆ, ಬೀಜ ಎಣ್ಣೆಗೆ, ಬೀಜ ರುಬ್ಬಿ ಹಿಂಡಿದ ಹಾಲು ಹುಗ್ಗಿಗೆ. ಈ ಬೆಳೆಯನ್ನು ಬರೀ ನೋವು ಅಂತ ಬರೆದರೆ ಅದನ್ನು ಬೆಳೆದವರಿಗೇ ಗುರುತು ಸಿಗುವುದಿಲ್ಲ. ಗೀರುವುದೂ ಅದೇ ಮುಳ್ಳು, ಕಾಯುವುದೂ ಅದೇ ಮುಳ್ಳು. ಟಿಪ್ಪಣಿಗೆ ಎರಡೂ ಬೇಕು.

ಅದರದೇ ಎಣ್ಣೆ

ಬಣ್ಣದ ಟ್ಯೂಬುಗಳನ್ನು ನೋಡಿದಾಗ ಇನ್ನೊಂದು ಸಂಗತಿ ಸಿಕ್ಕಿತು. ಆಕೆಯ ಬಿಳಿ ಬಣ್ಣವನ್ನು ಅರೆದಿರುವುದು ಕುಸುಬಿ ಎಣ್ಣೆಯಲ್ಲಿ! ಇದರಲ್ಲಿ ಅಪರೂಪ ಏನೂ ಇಲ್ಲ. ಎಣ್ಣೆ ಬಣ್ಣಕ್ಕೆ ಸಾಮಾನ್ಯವಾಗಿ ಅಗಸೆ ಎಣ್ಣೆ ಬಳಸುತ್ತಾರೆ, ಆದರೆ ಅದು ಕಾಲಕ್ರಮೇಣ ಹಳದಿಗೆ ತಿರುಗುತ್ತದೆ. ಕುಸುಬಿ ಎಣ್ಣೆ ಅಷ್ಟು ಹಳದಿಯಾಗುವುದಿಲ್ಲ, ಹಾಗಾಗಿ ಹಲವು ಕಂಪನಿಗಳು ಬಿಳಿ ಮತ್ತು ತಿಳಿ ಬಣ್ಣಗಳಿಗೆ ಇದನ್ನೇ ಆರಿಸುತ್ತವೆ. ಬೆಲೆ ಏನಂದರೆ, ಇದು ನಿಧಾನ ಒಣಗುತ್ತದೆ, ಒಣಗಿದ ಪೊರೆ ಅಗಸೆಯಷ್ಟು ಗಟ್ಟಿ ಇರುವುದಿಲ್ಲ. ಕೆಳಗಿನ ಪದರದಲ್ಲಿ ದಪ್ಪಗೆ ಹಾಕಿ ಅದರ ಮೇಲೆ ಬೇಗ ಒಣಗುವ ಬಣ್ಣ ಹಚ್ಚಿದರೆ ಮುಂದೆ ಬಿರುಕು ಬಿಡಬಹುದು. ಆಕೆ ಅದನ್ನು ಮೇಲಿನ ಪದರಕ್ಕೇ ಇಟ್ಟಿದ್ದರು, ಎಸಳಿನ ಹೊಳಪಿಗೆ ಮಾತ್ರ. ಸರಿಯಾದ ಕೆಲಸ. ಅಡುಗೆ ಎಣ್ಣೆಯಲ್ಲಿ ಮಾಡಿಕೊಳ್ಳಬಹುದಾ ಅಂತ ಹುಡುಗರು ಕೇಳುತ್ತಾರೆ. ಬೇಡ. ಅಂಗಡಿಯ ಕೆಲವು ಕುಸುಬಿ ಎಣ್ಣೆ ಒಲೀಕ್ ಆಮ್ಲ ಜಾಸ್ತಿ ಇರುವ ತಳಿಯದು, ಅದು ಸರಿಯಾಗಿ ಒಣಗುವುದೇ ಇಲ್ಲ.

ಕುಸುಬಿ ಹೂವನ್ನು ಕುಸುಬಿ ಎಣ್ಣೆಯಲ್ಲೇ ಬಿಡಿಸಿದ್ದಾರೆ ಅನ್ನೋ ಮಾತು ಟಿಪ್ಪಣಿಗೆ ಎಷ್ಟು ಚೆನ್ನಾಗಿರುತ್ತದೆ ಅಲ್ವಾ? ಹಾಕಲಿಲ್ಲ. ಆಕೆಗೆ ಅದು ಗೊತ್ತೇ ಇರಲಿಲ್ಲ, ನಾನು ಟ್ಯೂಬ್ ತೋರಿಸಿದಾಗ ಆಶ್ಚರ್ಯಪಟ್ಟರು. ಗೊತ್ತಿಲ್ಲದಿದ್ದರೆ ಏನಂತೆ, ಮಣ್ಣಿನ ಬಣ್ಣದ ವಿಷಯದಲ್ಲಿ ಆಕೆ ಬಾಯಿಬಿಟ್ಟು ಹೇಳದ್ದನ್ನೂ ಒಪ್ಪಿಕೊಂಡೆನಲ್ಲ ಅಂತ ಕೇಳಬಹುದು. ವ್ಯತ್ಯಾಸ ಇದೆ. ಮಣ್ಣಿನ ಬಣ್ಣ ಚಿತ್ರದಲ್ಲಿ ಕಾಣುತ್ತದೆ, ಯಾರೂ ಹೇಳದೆ ಕಾಕಾಗೆ ಕಂಡಿತು. ಎಣ್ಣೆ ಯಾರ ಕಣ್ಣಿಗೂ ಕಾಣುವುದಿಲ್ಲ. ಟ್ಯೂಬಿನ ಚೀಟಿ ಓದಿದವರಿಗೆ ಮಾತ್ರ ಗೊತ್ತಾಗುವ ಸಂಗತಿಯನ್ನು ಚಿತ್ರದ ಅರ್ಥ ಅಂತ ನಾನು ಬರೆಯಲಾರೆ.

ಕೆಂಪಿನ ಟ್ಯೂಬ್ ಬೇರೆ ಚಿಂತೆ ತಂದಿತು. ಅಲಿಜರಿನ್ ಕ್ರಿಮ್ಸನ್, ಚೀಟಿಯ ಮೇಲೆ ಆ ಬಣ್ಣದ ಗುರುತಿನ ಸಂಖ್ಯೆ ಪಿಆರ್ 83. ಈ ಕೆಂಪು ಬೆಳಕಿಗೆ ಮಾಸುತ್ತದೆ, ಅದರಲ್ಲೂ ತೆಳುವಾಗಿ ಹಚ್ಚಿದಾಗ. ವ್ಯಾನ್ ಗೋ 1890ರ ಮೇ ತಿಂಗಳಲ್ಲಿ ಬಿಡಿಸಿದ ಎರಡು ಗುಲಾಬಿ ಚಿತ್ರಗಳಿವೆ, ಒಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ, ಇನ್ನೊಂದು ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ. ಇವತ್ತು ಅವು ಬಿಳಿ ಗುಲಾಬಿಗಳ ಹಾಗೆ ಕಾಣುತ್ತವೆ. ಅವರು ಹಚ್ಚಿದ್ದು ಗುಲಾಬಿ ಬಣ್ಣ, ಅದರೊಳಗಿನ ಕೆಂಪು ಮಾಸಿಹೋಗಿದೆ. ಆ ಬಿಳುಪನ್ನು ನೋಡಿ ಶಾಂತಿ, ಪವಿತ್ರ ಅಂತ ಬರೆದರೆ ಅದು ಬೆಳಕು ಮಾಡಿದ ಕೆಲಸಕ್ಕೆ ಕೊಟ್ಟ ಅರ್ಥ. ನಮ್ಮ ಚಿತ್ರದಲ್ಲಿ ಕೆಂಪು ಹೋದರೆ ಮೂರು ವಯಸ್ಸಿನಲ್ಲಿ ಒಂದು ಹೋಗುತ್ತದೆ, ಉಳಿಯುವುದು ಎರಡು ಹಳದಿ ಹೂವು. ಬಟ್ಟೆಗೆ ಹಾಕಿದ ಕುಸುಬಿ ಕೆಂಪೂ ಬಿಸಿಲಿಗೆ ಹೀಗೇ ಮಾಸುತ್ತಿತ್ತು, ಆದರೆ ಅದನ್ನೂ ಟಿಪ್ಪಣಿಗೆ ಎಳೆದು ತರಲಿಲ್ಲ. ಇದು ಅರ್ಥದ ಪ್ರಶ್ನೆ ಅಲ್ಲ, ಕಾಪಾಡುವ ಪ್ರಶ್ನೆ.

ಗೋಡೆಗೆ ಹೋದದ್ದು

ಕೊನೆಗೆ ಬರೆದದ್ದು ಇದು:

"ಕುಸುಬಿ. ಕ್ಯಾನ್ವಾಸ್ ಮೇಲೆ ಎಣ್ಣೆ ಬಣ್ಣ. ದೊಡ್ಡ ಹೂವಿನ ಹತ್ತಿರ ಬನ್ನಿ, ಕೆಂಪಿನ ಕೆಳಗೆ ಹಳದಿ ಕಾಣುತ್ತದೆ. ಕುಸುಬಿ ಹಳದಿಯಾಗಿ ಅರಳಿ, ಬಾಡುತ್ತ ಕೆಂಪಾಗುವ ಹೂವು. ಗಿಡ ಮಾತ್ರ ಕೊಯ್ಲಿನ ಕಾಲದ್ದು, ಒಣಗಿದೆ. ನಾವು ನೆಲದ ಮೇಲೆ ಕೂತು ಮೇಲೆ ನೋಡುತ್ತಿದ್ದೇವೆ, ಆದರೆ ಆಕಾಶದ ಜಾಗದಲ್ಲಿ ಎರೆ ಮಣ್ಣಿನ ಕಪ್ಪು ಇದೆ. ಮುಳ್ಳುಗಳನ್ನು ಬಿಡಿಸಿಲ್ಲ, ಹಸಿ ಬಣ್ಣದಲ್ಲಿ ಗೀರಿದ್ದಾರೆ. ಹೊಲದ ಅಂಚಿನಲ್ಲಿ ಇದೇ ಮುಳ್ಳು ಬೇಲಿ, ಕೊಯ್ಲಿನಲ್ಲಿ ಇದೇ ಮುಳ್ಳು ಕೈಗೆ ಗೀರು."

ಸಂಘಟಕರಿಗೆ ಇದು ಸ್ವಲ್ಪ ಉದ್ದ ಅನ್ನಿಸಿತು. "ಭರವಸೆ ಅನ್ನೋದು ಒಂದು ಕಡೆ ಬರ್ಲಿ" ಅಂದರು. ಕಲಾವಿದೆ ಬೇಡ ಅಂದರು. ಹಾಗೇ ಹೋಯಿತು. ಪ್ರದರ್ಶನ ನಡೆಯುವಾಗ ನಾನು ಕಂಡದ್ದು, ಜನ ಓದಿದ ಮೇಲೆ ಹೂವಿನ ಹತ್ತಿರ ಬಗ್ಗಿ ಕೆಂಪಿನ ಕೆಳಗಿನ ಹಳದಿ ಹುಡುಕುತ್ತಿದ್ದರು. ಕೆಲವರು ಟಿಪ್ಪಣಿಯನ್ನು ಒಪ್ಪಲಿಲ್ಲ. ಒಬ್ಬ ಹೆಣ್ಣುಮಗಳು ಆ ಕಪ್ಪು ಮಣ್ಣಲ್ಲ, ನಸುಕಿಗಿಂತ ಮುಂಚಿನ ಕತ್ತಲು, ಕೀಳಲು ಹೋಗುವ ಹೊತ್ತು ಅಂದರು. ಆ ಮಾತಿಗೂ ಬಣ್ಣ ಜಾಗ ಕೊಡುತ್ತದೆ, ಆ ಕಪ್ಪಿನಲ್ಲಿ ನೀಲಿ ಇದೆಯಲ್ಲ. ಅವರ ಮಾತನ್ನು ಅಲ್ಲಗಳೆಯಲು ನನ್ನ ಹತ್ತಿರ ಏನೂ ಇರಲಿಲ್ಲ, ಅಲ್ಲಗಳೆಯುವ ಮನಸ್ಸೂ ಬರಲಿಲ್ಲ.

ಚಿತ್ರಕ್ಕೆ ಮೊದಲು ಗೊತ್ತು ಮಾಡಿದ್ದ ಗೋಡೆಗೆ ಪಶ್ಚಿಮದ ಕಿಟಕಿಯಿಂದ ನೇರ ಬಿಸಿಲು ಬೀಳುತ್ತಿತ್ತು. ಅದನ್ನು ಒಳಗಿನ ಗೋಡೆಗೆ ಬದಲಿಸಿದೆವು. ಎಣ್ಣೆ ಬಣ್ಣವನ್ನು ಕಡಿಮೆ ಅಂದರೂ ಆರು ತಿಂಗಳು ಒಣಗಲು ಬಿಡದೆ ಕೊನೆಯ ವಾರ್ನಿಶ್ ಹಾಕಬಾರದು, ಕುಸುಬಿ ಎಣ್ಣೆಯ ಬಿಳಿ ಇರುವ ಕಡೆ ಇನ್ನೂ ಕಾಯುವುದು ಒಳ್ಳೆಯದು, ಹಾಗಾಗಿ ವಾರ್ನಿಶ್ ಇಲ್ಲದೆಯೇ ನೇತು ಹಾಕಿದ್ದಾಯಿತು. ಮುಂದಿನ ಕ್ಯಾನ್ವಾಸಿಗೆ ಕ್ವಿನಾಕ್ರಿಡೋನ್ ಕೆಂಪು ತರಿಸುತ್ತೇನೆ ಅಂತ ಕಲಾವಿದೆ 'ಬೆಳಕಿಗೆ ಗಟ್ಟಿ' ಅನ್ನೋ ಗುರುತಿರುವ ಟ್ಯೂಬಿನ ಹೆಸರು ಬರೆದುಕೊಂಡರು. ಈ ಕ್ಯಾನ್ವಾಸಿನ ಹಿಂದೆ, ಚೌಕಟ್ಟಿನ ಕಟ್ಟಿಗೆಯ ಮೇಲೆ, ಕೊಳ್ಳುವವರಿಗೆ ಗೊತ್ತಾಗಲಿ ಅಂತ ಪೆನ್ಸಿಲಿನಿಂದ ಬರೆದರು: ಕೆಂಪು ಪಿಆರ್ 83, ನೇರ ಬಿಸಿಲಿಗೆ ಇಡಬೇಡಿ.